ಬಡಾವಣೆಯ ರಸ್ತೆಗೆ ಅಗಲವಾದ ಉಬ್ಬು: ನನ್ನ ಅನುಭವ

ಕಲಬುರಗಿಯಲ್ಲಿ ರಸ್ತೆ ಗುತ್ತಿಗೆಯ ಕೆಲಸ ಮಾಡುವ ನನಗೆ, ಬಡಾವಣೆಯೊಳಗಿನ ಡಾಂಬರು ಕೆಲಸ ಮುಗಿಯುತ್ತಿದ್ದಂತೆಯೇ ಬರುವ ಮೊದಲ ಬೇಡಿಕೆ ಸ್ಪೀಡ್ ಬ್ರೇಕರಿನದು. ರಸ್ತೆ ಹದಗೆಟ್ಟಿದ್ದಾಗ ಗುಂಡಿಗಳೇ ವೇಗಕ್ಕೆ ತಡೆ ಹಾಕಿರುತ್ತವೆ. ಅದು ನುಣುಪಾದ ಮೇಲೆ ಸೇಡಂ ರಸ್ತೆಯಿಂದ ವರ್ತುಲ ರಸ್ತೆಗೆ ಅಡ್ಡದಾರಿ ಹುಡುಕುವ ಬೈಕು, ಆಟೊ, ಟಂಟಂಗಳೆಲ್ಲ ಮನೆಗಳ ನಡುವೆಯೇ ನುಗ್ಗತೊಡಗುತ್ತವೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಜನರ ಮನಸ್ಸಿನಲ್ಲಿರುವ ಬ್ರೇಕರಿಗೂ ಕೆಲಸಕ್ಕೆ ಬರುವ ಬ್ರೇಕರಿಗೂ ಬಹಳ ವ್ಯತ್ಯಾಸವಿದೆ.

ಜನ ಕೇಳುವುದು ಎತ್ತರವನ್ನು. ರಾತ್ರೋರಾತ್ರಿ ಒಂದು ಚೀಲ ಸಿಮೆಂಟು ಕಲಸಿ, ಅರ್ಧ ಮೀಟರು ಅಗಲಕ್ಕೆ ಒಂದು ಗೇಣಿನಷ್ಟು ದಿಬ್ಬ ಎಬ್ಬಿಸಿದ ಓಣಿಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಅಂಥ ದಿಬ್ಬದ ಮುಂದೆ ನಿಧಾನವಾಗುವವರು ಮೊದಲೇ ನಿಧಾನವಾಗಿ ಬರುವವರು: ಬೈಕಿನ ಹಿಂದೆ ತಾಯಿಯನ್ನು ಕೂಡಿಸಿಕೊಂಡವರು, ಕಾರಿನ ತಳ ಬಡಿದೀತೆಂದು ಅಂಜುವವರು. ಜೋರಾಗಿ ಬಂದವನಿಗೆ ಗಾಲಿ ಮಾತ್ರ ಜಿಗಿದು, ಹೊಡೆತವನ್ನು ಸ್ಪ್ರಿಂಗ್ ನುಂಗಿಬಿಡುತ್ತದೆ. ಅಗಲವಾದ ಉಬ್ಬಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಗಾಡಿಯ ಮೈಯೇ ಎದ್ದು ಇಳಿಯುವುದರಿಂದ ವೇಗ ಹೆಚ್ಚಿದಷ್ಟೂ ಕೂತವನಿಗೆ ತ್ರಾಸು ಹೆಚ್ಚುತ್ತದೆ. ಬ್ರಿಟನ್ನಿನ ಸಾರಿಗೆ ಮತ್ತು ರಸ್ತೆ ಸಂಶೋಧನಾ ಪ್ರಯೋಗಾಲಯದ ವಾಟ್ಸ್ ಎಂಬುವರು 1973ರಲ್ಲಿ ಹಲವು ಆಕಾರಗಳನ್ನು ಪರೀಕ್ಷಿಸಿ ಕಂಡುಕೊಂಡದ್ದೂ ಇದನ್ನೇ. ದೇಶದ ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ (ಐಆರ್‌ಸಿ) 99ನೆಯ ಮಾರ್ಗಸೂಚಿ, 1988ರಲ್ಲಿ ಬಂದು 2018ರಲ್ಲಿ ಪರಿಷ್ಕೃತವಾದದ್ದು. ದುಂಡು ಉಬ್ಬಿಗೆ ಅದರ 1988ರ ಆವೃತ್ತಿ ಹೇಳಿದ ಅಳತೆ, ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರು ಅಗಲ, ನಡುವೆ 10 ಸೆಂಟಿಮೀಟರು ಎತ್ತರ. ಇದರ ಮೇಲೆ ಗಂಟೆಗೆ 25 ಕಿಲೋಮೀಟರಿನ ಆಸುಪಾಸಿನಲ್ಲಿ ಯಾವ ತೊಂದರೆಯೂ ಇಲ್ಲದೆ ದಾಟಬಹುದು.

ಅಳತೆ ಕಾಗದದ ಮೇಲೆ ಸುಲಭ, ಡಾಂಬರಿನಲ್ಲಿ ಕಷ್ಟ. ಕಣ್ಣಂದಾಜಿನಲ್ಲಿ ಸುರಿದರೆ ಎಂಥ ಪಳಗಿದ ಮಿಸ್ತ್ರಿಯ ಕೈಯಲ್ಲೂ ನಡುವೆ ಚೂಪು, ಬದಿಗೆ ಕಡಿದು ಆಗಿಬಿಡುತ್ತದೆ. ಅದಕ್ಕಾಗಿ ನಾನು ಪ್ಲೈವುಡ್ಡಿನಲ್ಲಿ ಒಂದು ಸಾಚಾ, ಅಂದರೆ ಉಬ್ಬಿನ ಆಕಾರದ ಅಚ್ಚುಹಲಗೆ, ಕತ್ತರಿಸಿಕೊಂಡಿದ್ದೇನೆ: ನಡುಮಧ್ಯದಲ್ಲಿ 100 ಮಿಲಿಮೀಟರು, ಅಲ್ಲಿಂದ ಎರಡೂ ಕಡೆಗೆ ಅರ್ಧ ಮೀಟರಿಗೆ 93, ಒಂದು ಮೀಟರಿಗೆ 71, ಒಂದೂವರೆ ಮೀಟರಿಗೆ 34, ಅಂಚಿನಲ್ಲಿ ಸೊನ್ನೆ. ಸುಣ್ಣದ ಪುಡಿಯಿಂದ ಗೆರೆ ಹಾಕಿ, ಎರಡೂ ಅಂಚುಗಳಲ್ಲಿ ಹಳೆಯ ಡಾಂಬರನ್ನು ಎರಡು ಬೆರಳಿನಷ್ಟು ಆಳಕ್ಕೆ ಕೊರೆದು ತೋಡು ತೆಗೆಸುತ್ತೇನೆ. ಇಲ್ಲದಿದ್ದರೆ ಡಾಂಬರು-ಖಡಿಯ ಮಾಲು ಅಂಚಿನಲ್ಲಿ ತೆಳುವಾಗಿ, ಖಡಿ ಕಿತ್ತು, ಒಂದೇ ಮಳೆಗಾಲಕ್ಕೆ ಉಬ್ಬಿನ ಬದಿ ಮೆಟ್ಟಿಲಾಗುತ್ತದೆ. ಕಸ ಗುಡಿಸಿ, ಅಂಟಿಗೆ ಎಮಲ್ಷನ್ (ನೀರು ಬೆರೆತ ತೆಳು ಡಾಂಬರು) ಸಿಂಪಡಿಸಿ, ಎರಡು ಪದರಗಳಲ್ಲಿ ಹಾಕಿ ಸಣ್ಣ ರೋಲರಿನಿಂದ ಕೂಡಿಸುವುದು. ದೊಡ್ಡ ರೋಲರು ಹತ್ತಿಸಿದರೆ ನೆತ್ತಿ ಚಪ್ಪಟೆಯಾಗುತ್ತದೆ. ಪ್ರತಿ ಪದರಕ್ಕೂ ಸಾಚಾ ಇಟ್ಟು ಬಾಗಿ ನೋಡಬೇಕು. ಕೊನೆಯ ಪದರದಲ್ಲಿ ಹಲಗೆಯ ಕೆಳಗೆ ಬೆಳಕು ಕಂಡಲ್ಲಿ ಮಾಲು ಕಡಿಮೆಯಾಗಿದೆ ಎಂದರ್ಥ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಹೊಸ ಡಾಂಬರು ಸಂಜೆಯವರೆಗೂ ಮೆತ್ತಗಿದ್ದು, ಬ್ರೇಕು ಹಾಕಿದ ಗಾಲಿಗಳು ಅದನ್ನು ಮುಂದಕ್ಕೆ ತಳ್ಳಿಬಿಡುತ್ತವೆ. ಆದ್ದರಿಂದ ರಸ್ತೆಯನ್ನು ಮರುದಿನ ಬೆಳಿಗ್ಗೆಯವರೆಗೆ ಬಿಡುವುದಿಲ್ಲ. ಮೊಳೆ ಹೊಡೆದು ಕೂರಿಸುವ ರಬ್ಬರಿನ ಪಟ್ಟಿಗಳನ್ನು ನಾನು ಒಪ್ಪುವುದಿಲ್ಲ. ಪಟ್ಟಿ ಹರಿದು ಹೋದ ಮೇಲೂ ಮೊಳೆ ರಸ್ತೆಯಲ್ಲಿ ಉಳಿಯುತ್ತದೆ.

ಎಲ್ಲಿ ಹಾಕಬೇಕೆಂಬುದರ ಮೇಲೆಯೇ ಹೆಚ್ಚು ಜಗಳ. ಒಂದೇ ಉಬ್ಬು ಹಾಕಿದರೆ ಅದನ್ನು ದಾಟಿದವನು ಮತ್ತೆ ಎಕ್ಸಲೇಟರು ತಿರುವುತ್ತಾನೆ. ಉದ್ದನೆಯ ಓಣಿಯಲ್ಲಿ 100ರಿಂದ 120 ಮೀಟರಿಗೊಂದರಂತೆ ಸಾಲಾಗಿ ಇರಬೇಕು. ತಿರುವಿನಲ್ಲಿ, ನೀರಿನ ವಾಲ್ವಿನ ಅಥವಾ ಒಳಚರಂಡಿ ಚೇಂಬರಿನ ಮೇಲೆ, ಯಾರದೇ ಗೇಟಿನ ಎದುರು ಹಾಕುವುದಿಲ್ಲ. ಬೀದಿದೀಪದ ಕಂಬದ ಬುಡವೇ ಉತ್ತಮ. ಬ್ರೇಕರು ಎಲ್ಲರಿಗೂ ಬೇಕು, ತಮ್ಮ ಮನೆಯ ಮುಂದೆ ಮಾತ್ರ ಬೇಡ. ಅವರ ಮಾತಿನಲ್ಲೂ ಅರ್ಥವಿದೆ: ತೊಗರಿ ರಾಶಿಯ ಕಾಲದಲ್ಲಿ ದಾಲ್ ಮಿಲ್ಲಿಗೆ ಮಾಲು ಇಳಿಸಿ ರಾತ್ರಿ ಮರಳುವ ಖಾಲಿ ಟ್ರ್ಯಾಕ್ಟರ್ ಟ್ರಾಲಿ ಉಬ್ಬು ಹತ್ತಿದಾಗಿನ ಸದ್ದಿಗೆ ಪಕ್ಕದ ಮನೆಯ ಮಗು ಎದ್ದು ಕೂಡುತ್ತದೆ. ಖಾಲಿ ನಿವೇಶನದ ಪಕ್ಕವೋ ಎರಡು ಮನೆಗಳ ನಡುವಿನ ಕಂಪೌಂಡಿನ ನೇರಕ್ಕೋ ಜಾಗ ಹುಡುಕಿ, ಆ ಎರಡು ಮನೆಯವರನ್ನು ಒಪ್ಪಿಸಿ, ಸಂಬಂಧಪಟ್ಟ ಕಚೇರಿಯ ಲಿಖಿತ ಮಂಜೂರಾತಿ ಕೈಗೆ ಬಂದ ಮೇಲೆಯೇ ಗೆರೆ ಹಾಕುತ್ತೇನೆ.

ನೀರು ಹೋಗಲು ಚರಂಡಿಯ ಬದಿಗೆ ಸಂದು ಬಿಡಲೇಬೇಕು, ಯಾಕೆಂದರೆ ಕೆಳಗಿರುವುದು ಎರೆಮಣ್ಣು; ಉಬ್ಬಿನ ಹಿಂದೆ ನೀರು ನಿಂತರೆ ರಸ್ತೆಯೇ ಕುಸಿಯುತ್ತದೆ. ಆದರೆ ಒಂದು ಗೇಣು ಸಂದು ಕಂಡರೆ ಬೈಕಿನವರು ಅಲ್ಲೇ ನುಸುಳಿ ಪಾದಚಾರಿಗಳ ಮೈಮೇಲೆ ಬರುತ್ತಾರೆ. ಆದ್ದರಿಂದ ಸಂದಿನ ಬಾಯಿಗೆ ಬಣ್ಣ ಬಳಿದ ಕಾಂಕ್ರೀಟಿನ ಗಿಡ್ಡ ಕಂಬವೊಂದನ್ನು ನಡುವೆ ನೀರು ಹರಿಯುವಂತೆ ಹುಗಿಸುತ್ತೇನೆ.

ಕೆಲಸ ಮುಗಿದ ದಿನ ಹಿರಿಯರೊಬ್ಬರಾದರೂ ಬಂದು, ‘ಗುತ್ತೇದಾರ್ರೆ, ಇದು ಬ್ರೇಕರ್ ಅನ್ಸಂಗಿಲ್ರಿ, ಇನ್ನಷ್ಟು ಎತ್ತರ ಮಾಡ್ರಿ’ ಎನ್ನದೆ ಹೋಗುವುದಿಲ್ಲ. ಅವರನ್ನು ನನ್ನ ಬೈಕಿನ ಹಿಂದೆ ಕೂಡಿಸಿಕೊಂಡು ಮೊದಲು ನಿಧಾನವಾಗಿ, ಆಮೇಲೆ ತುಸು ಜೋರಾಗಿ ದಾಟಿಸುತ್ತೇನೆ. ಎರಡನೆಯ ಸಲಕ್ಕೆ ಹೆಗಲು ಹಿಡಿದುಕೊಳ್ಳುತ್ತಾರೆ.

ಇನ್ನು ಬಣ್ಣ. ಕಪ್ಪು-ಬಿಳಿ ಪಟ್ಟೆಗಳು ಮತ್ತು 40 ಮೀಟರು ಮುಂಚೆ ಎಚ್ಚರಿಕೆ ಫಲಕ ಇಲ್ಲದ ಉಬ್ಬು ರಾತ್ರಿಯ ಹೊತ್ತು ಗುಂಡಿಗಿಂತ ಅಪಾಯಕಾರಿ. ಫಲಕದ ಮುಂದೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಬರುತ್ತದೆ, ಮಳೆಗಾಲದಲ್ಲಿ ಹೊಲದಿಂದ ಬಂದ ಟ್ರ್ಯಾಕ್ಟರುಗಳ ಎರೆಮಣ್ಣು ಬಿಳಿ ಪಟ್ಟೆಯನ್ನು ನುಂಗುತ್ತದೆ. ಆದ್ದರಿಂದ ಅಂದಾಜು ಪಟ್ಟಿಯಲ್ಲಿಯೇ ದಸರೆಯ ಹೊತ್ತಿಗೆ ಮತ್ತೊಮ್ಮೆ ಬಣ್ಣ ಹೊಡೆಯುವ ಖರ್ಚನ್ನು ಸೇರಿಸುತ್ತೇನೆ. ಆ ಸಾಲನ್ನು ಹೊಡೆದುಹಾಕಿ ಉಬ್ಬು ಮಾತ್ರ ಮಾಡಿಕೊಡಿ ಎಂದವರ ಕೆಲಸವನ್ನು ಹಿಡಿಯುವುದಿಲ್ಲ.