ನೀಲಿ ಬಳೆ, ಮೂರು ಕಿಲೋಮೀಟರ್

ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ವಿಸಿಲ್, ಕಬಡ್ಡಿ, ಖೋ ಖೋ, ತಾಲ್ಲೂಕು ಮಟ್ಟದ ಕ್ರೀಡಾಕೂಟ, ಇಷ್ಟೇ ನನ್ನ ಪ್ರಪಂಚ. ಸಕ್ಕರೆ ಕಾಯಿಲೆ ಬಗ್ಗೆ ನನಗೆ ಗೊತ್ತಿದ್ದದ್ದು ನಮ್ಮಪ್ಪ ಕಾಫಿಗೆ ಸಕ್ಕರೆ ಬಿಟ್ಟ ಸಂಗತಿ ಮಾತ್ರ.

ಎರಡೂವರೆ ವರ್ಷದ ಹಿಂದೆ, ಜೂನ್‌ನಲ್ಲಿ, ಎಂಟನೇ ಕ್ಲಾಸಿಗೆ ಸೇರಿದ ಹುಡುಗಿಯೊಬ್ಬಳ ಅಮ್ಮ ಸ್ಟಾಫ್ ರೂಮಿಗೆ ಬಂದು ಟೇಬಲ್ ಮೇಲೆ ಒಂದು ಜಿಪ್ ಪೌಚ್ ಇಟ್ಟರು. ಒಳಗೆ ರಕ್ತದ ಶುಗರ್ ಅಳೆಯುವ ಗ್ಲೂಕೋಮೀಟರ್, ಅದಕ್ಕೆ ಹಾಕುವ ಸ್ಟ್ರಿಪ್‌ಗಳ ಡಬ್ಬಿ, ಕೆಂಪು ಕ್ಯಾಪಿನ ಇನ್ಸುಲಿನ್ ಸಿರಿಂಜು, ಒಂದು ಪ್ಯಾಕೆಟ್ ಗ್ಲೂಕೋಸ್ ಪುಡಿ. "ಸರ್, ಇವಳಿಗೆ ಶುಗರ್ ಐತಿ. ಏಳು ವರ್ಷದವಳಿದ್ದಾಗಿಂದ. ಆಟ ಆಡ್ಸಿ, ಆದ್ರೆ ಸ್ವಲ್ಪ ನೋಡ್ಕಳ್ರಿ" ಅಂದರು. ನಾನು ನೋಡಿಕೊಂಡ ರೀತಿ ಕೇಳಿ. ಇಡೀ ವರ್ಷ ಅವಳನ್ನು ಬೇವಿನ ಮರದ ಕೆಳಗೆ ಕೂರಿಸಿ ಸ್ಕೋರ್ ಬರೆಸಿದೆ. ಏನಾದ್ರೂ ಆದ್ರೆ ಉತ್ತರ ಕೊಡೋರು ಯಾರು ಅನ್ನುವ ಭಯ, ಅಷ್ಟೇ. ಅವಳ ಹೆಸರು ಇಲ್ಲಿ ಬರೆಯುತ್ತಿಲ್ಲ. ಅವಳೇ ಬೇಡ ಅಂದಿದ್ದಾಳೆ.

ಮುಂದಿನ ವರ್ಷ ನಡಿಗೆಯ ವಿಚಾರ ತೆಗೆದವರು ನಮ್ಮ ವಿಜ್ಞಾನದ ಟೀಚರ್. ನವೆಂಬರ್ 14 ಅಂದ್ರೆ ನಮಗೆ ಮಕ್ಕಳ ದಿನ, ಗುಲಾಬಿ, ಭಾಷಣ. ವಿಶ್ವ ಮಧುಮೇಹ ದಿನವೂ ಅವತ್ತೇ ಅಂತ ಅವರು ಹೇಳಿದಾಗಲೇ ನನಗೆ ಗೊತ್ತಾಗಿದ್ದು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14ರಂದು. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಇನ್ಸುಲಿನ್ ಚುಚ್ಚಿಸಿಕೊಂಡ ಮೊದಲ ರೋಗಿ ಲಿಯೊನಾರ್ಡ್ ಥಾಂಪ್ಸನ್‌ಗೆ 14 ವರ್ಷ. "ನಮ್ಮ ಒಂಬತ್ತನೇ ಕ್ಲಾಸ್ ಹುಡುಗರ ವಯಸ್ಸು ನೋಡಿ" ಅಂದರು ಟೀಚರ್. ಮಕ್ಕಳು ನಡೆಯಲಿ, ಅಕ್ಕಪಕ್ಕದವರು ಕೈಲಾದಷ್ಟು ಕೊಡಲಿ, ಆ ದುಡ್ಡಲ್ಲಿ ಬಡ ಮಕ್ಕಳಿಗೆ ಸ್ಟ್ರಿಪ್ ಕೊಡಿಸೋಣ ಅಂತ ಮಾತಾಯಿತು.

ನಮ್ಮೂರಲ್ಲಿ ಜಾಥಾ ಅಂದ್ರೆ ಜಯದೇವ ಸರ್ಕಲ್, ಗಾಂಧಿ ಸರ್ಕಲ್. ನಾನೂ ಮೊದಲು ಹಾಗೇ ಯೋಚಿಸಿದ್ದೆ. ಒಂದು ಬೆಳಿಗ್ಗೆ ಹೋಗಿ ನಿಂತು ನೋಡಿದೆ. ಬಸ್ಸು, ಆಟೋ, ಹೊಗೆ. ನೂರಿಪ್ಪತ್ತು ಮಕ್ಕಳನ್ನು ಅಲ್ಲಿ ದಾಟಿಸುವುದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಕುಂದುವಾಡ ಕೆರೆ. ಊರಿಗೆ ಕುಡಿಯುವ ನೀರು ಕೊಡುವ ಕೆರೆ, ಬೆಳಿಗ್ಗೆ ವಾಕಿಂಗ್ ಮಾಡುವವರಿಗೆಲ್ಲ ಗೊತ್ತಿರುವ ಜಾಗ. ಗಾಜಿನ ಮನೆ ಪಕ್ಕದಲ್ಲೇ ಇರುವುದರಿಂದ ತಂದೆತಾಯಿಗಳಿಗೆ ಗುರುತು ಹೇಳುವುದೂ ಸುಲಭ. ಫೋನಿನಲ್ಲಿ ಅಳೆದು ಒಂದೂವರೆ ಕಿಲೋಮೀಟರ್ ಆಗುವಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆ. ಅಲ್ಲಿಗೆ ಹೋಗಿ ವಾಪಸ್ ಬಂದ್ರೆ ಮೂರು. ಹೈಸ್ಕೂಲ್ ಮಕ್ಕಳಿಗೆ ಅಷ್ಟು ಸಾಕು.

ಫಲಕಗಳ ವಿಷಯದಲ್ಲಿ ಮೊದಲ ಪೆಟ್ಟು ಬಿತ್ತು. ಡ್ರಾಯಿಂಗ್ ಪೀರಿಯಡ್‌ನಲ್ಲಿ ಮಕ್ಕಳು ಬರೆದದ್ದು ಹೀಗೆ: "ಸಿಹಿ ಬಿಡಿ, ಸಕ್ಕರೆ ಕಾಯಿಲೆ ಓಡಿಸಿ". ಜಿಲೇಬಿಗೆ ಕೆಂಪು ಗೆರೆ ಹೊಡೆದ ಚಿತ್ರ ಬೇರೆ. ನನಗೆ ಚೆನ್ನಾಗಿಯೇ ಕಂಡಿತು. ಸಂಜೆ ಆ ಹುಡುಗಿ ಬಂದು ನಿಂತಳು. "ಸರ್, ನಾನು ಸಿಹಿ ತಿಂದಿದ್ದಕ್ಕೆ ಬಂದಿದ್ದಲ್ಲ ಸರ್ ಇದು. ನಾನೂ ಈ ಬೋರ್ಡ್ ಹಿಡ್ಕೋಬೇಕಾ?"

ಉತ್ತರ ಹೊಳೆಯಲಿಲ್ಲ. ಟೀಚರ್ ಮಾರನೇ ದಿನ ಇಡೀ ಕ್ಲಾಸಿಗೆ ಬಿಡಿಸಿ ಹೇಳಿದರು. ಮಕ್ಕಳಿಗೆ ಬರುವುದು ಹೆಚ್ಚಾಗಿ ಟೈಪ್ 1. ಅದರಲ್ಲಿ ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹಾಳು ಮಾಡುತ್ತದೆ. ಜಿಲೇಬಿಗೂ ಅದಕ್ಕೂ ಸಂಬಂಧ ಇಲ್ಲ. ಇನ್ಸುಲಿನ್ ಹೊರಗಿಂದ ಹಾಕದೆ ಬದುಕಿಲ್ಲ. ದೊಡ್ಡವರಲ್ಲಿ ಜಾಸ್ತಿ ಕಾಣುವುದು ಟೈಪ್ 2, ಅದಕ್ಕೆ ತೂಕ, ನಡಿಗೆ, ಊಟ ಎಲ್ಲ ಲೆಕ್ಕಕ್ಕೆ ಬರುತ್ತೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಮಧುಮೇಹ ಇದೆ. ಅಷ್ಟು ಜನರ ಗದ್ದಲದಲ್ಲಿ ಈ ಮಕ್ಕಳು ಕಾಣುವುದೇ ಇಲ್ಲ. ಜಿಲೇಬಿ ಫಲಕ ಹರಿದು ಹೊಸದಾಗಿ ಬರೆದೆವು: "ಜಾಸ್ತಿ ಬಾಯಾರಿಕೆ, ಪದೇ ಪದೇ ಮೂತ್ರ, ಇಳಿಯುವ ತೂಕ, ಸುಸ್ತು. ಮಗುವಿನಲ್ಲಿ ಕಂಡರೆ ಇವತ್ತೇ ಶುಗರ್ ನೋಡಿಸಿ". ಕೂಗೋಕೆ ಪ್ರಾಸ ಇಲ್ಲ ಅಂತ ಹುಡುಗರು ಗೊಣಗಿದರು. ಗೊಣಗಲಿ.

ಮಧುಮೇಹದ ಗುರುತು ಒಂದು ನೀಲಿ ವೃತ್ತ. ಟೀಶರ್ಟ್ ಮಾಡಿಸೋಣ ಅಂತ ಯಾರೋ ಅಂದರು. ಲೆಕ್ಕ ಹಾಕಿದರೆ ಬರುವ ದುಡ್ಡೆಲ್ಲ ಟೀಶರ್ಟ್‌ಗೇ ಹೋಗುತ್ತಿತ್ತು. ಒಬ್ಬ ಹುಡುಗಿ ಕೈ ಎತ್ತಿ, "ಸರ್, ಬಳೆನೂ ರೌಂಡೇ ಅಲ್ವಾ?" ಅಂದಳು. ಸಗಟು ಅಂಗಡಿಯಿಂದ ನೀಲಿ ಪ್ಲಾಸ್ಟಿಕ್ ಬಳೆ ತಂದು ಎಲ್ಲರಿಗೂ ಒಂದೊಂದು ಕೊಟ್ಟೆವು. ಹುಡುಗರು ನಾಚಿ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡರು.

ಇನ್ನು ಆ ದಿನ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಅವಳನ್ನು ಕರೆದುಕೊಂಡು ಹೋಗುವುದೇ ಬೇಡ, ಗಾಜಿನ ಮನೆ ಹತ್ತಿರ ಕುರ್ಚಿ ಹಾಕಿ ಕೂರಿಸೋಣ ಅನ್ನುವುದು ಮೀಟಿಂಗ್‌ನಲ್ಲಿ ಆದ ತೀರ್ಮಾನ. ಅದಕ್ಕೆ ನಾನೂ ತಲೆ ಆಡಿಸಿದ್ದೆ. ಅವಳ ಅಮ್ಮ ಒಪ್ಪಲಿಲ್ಲ. "ಯಾರ ಹೆಸರಲ್ಲಿ ನಡೀತೀರೋ ಅವಳನ್ನೇ ಕೂರಿಸ್ತೀರಾ?" ಅಂತ ನೇರ ಕೇಳಿಬಿಟ್ಟರು. ಡಾಕ್ಟರನ್ನು ಕೇಳಿಕೊಂಡು ಬಂದು ನನಗೆ ಪಾಠ ಮಾಡಿದವರೂ ಅವರೇ. ನಡೆದರೆ ಶುಗರ್ ಇಳಿಯುತ್ತೆ. ಅವತ್ತು ಇನ್ಸುಲಿನ್ ತೊಡೆಗೆ ಬೇಡ, ಹೊಟ್ಟೆಗೆ. ಓಡಾಡುವ ಕಾಲಿಗೆ ಚುಚ್ಚಿದರೆ ಬೇಗ ರಕ್ತಕ್ಕೆ ಸೇರುತ್ತೆ. ಹೊರಡುವ ಮೊದಲು ಶುಗರ್ ನೋಡಬೇಕು, ರಾತ್ರಿ ಮಲಗುವಾಗಲೂ ನೋಡಬೇಕು. ಯಾಕೆಂದರೆ ಎಷ್ಟೋ ಗಂಟೆ ಬಿಟ್ಟೂ ಇಳಿಯಬಹುದು.

ಆರೂವರೆಗೆ ಹೊರಡಬೇಕಿತ್ತು. ಅವಳು ಸಮಯ ನೋಡಿಕೊಂಡು ಇನ್ಸುಲಿನ್ ತಗೊಂಡು, ಎರಡು ಇಡ್ಲಿ ತಿಂದು ಬಂದಿದ್ದಳು. ಆದರೆ ಬಾವುಟ ತೋರಿಸಬೇಕಾದ ಅತಿಥಿ ಬರಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ದಾರಿಯಲ್ಲಿದ್ದಾರೆ ಅಂತ ಫೋನು. ಮಕ್ಕಳು ಸಾಲಲ್ಲಿ ನಿಂತೇ ಇದ್ದರು. ಐವತ್ತು ನಿಮಿಷ ಕಳೆದಿತ್ತು. ಅವಳು ಪಕ್ಕದ ಗೆಳತಿ ಮೇಲೆ ಸುಮ್ನೆ ರೇಗಿದಳು. ಆ ಗೆಳತಿ ಅಳುತ್ತಾ ಕೂರುವ ಬದಲು ನನ್ನ ಹತ್ತಿರ ಓಡಿ ಬಂದಳು. "ಸರ್, ಅವಳಿಗೆ ಸಿಟ್ಟು ಬರ್ತಿದೆ. ಶುಗರ್ ನೋಡಿ." ಶುಗರ್ ಇಳಿದಾಗ ಹೀಗೆ ಸಿಟ್ಟು ಬರಬಹುದು ಅಂತ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದನ್ನು ನಾನು ಮರೆತಿದ್ದೆ, ಹುಡುಗಿ ಮರೆತಿರಲಿಲ್ಲ. ನವೆಂಬರ್ ಚಳಿಯಲ್ಲೂ ಅವಳ ಹಣೆ ಬೆವರಿತ್ತು. ಬೆರಳು ನಡುಗಿ ಸ್ಟ್ರಿಪ್ ಮೀಟರ್‌ಗೆ ಹಾಕೋಕೆ ಆಗುತ್ತಿರಲಿಲ್ಲ. ಗೆಳತಿಯೇ ಹಾಕಿಕೊಟ್ಟಳು. 58.

70ಕ್ಕಿಂತ ಕೆಳಗೆ ಬಂದರೆ ತಡ ಮಾಡಬಾರದು. ಮೂರು ಟೀ ಚಮಚ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಸಿದೆ. ಸುಮಾರು 15 ಗ್ರಾಂ ಆಗುತ್ತೆ. ಆಮೇಲೆ ಹದಿನೈದು ನಿಮಿಷ ಕಾಯಬೇಕು. ನನ್ನ ನೌಕರಿಯಲ್ಲಿ ಅಷ್ಟು ಉದ್ದದ ಹದಿನೈದು ನಿಮಿಷ ಬೇರೆ ಇಲ್ಲ. 84. ಒಂದು ಬಾಳೆಹಣ್ಣು, ಒಂದು ಚಪಾತಿ ತಿಂದಳು. ಅಷ್ಟೊತ್ತಿಗೆ ಅತಿಥಿ ಬಂದು, ಬಾವುಟ ಬೀಸಿ, ಫೋಟೋ ತೆಗೆಸಿಕೊಂಡು ಹೋಗಿಯೂ ಆಗಿತ್ತು. ಇನ್ನೊಮ್ಮೆ ನೋಡಿದಾಗ 112. ಅಮ್ಮ ಹೂಂ ಅಂದ ಮೇಲೆ, ವಾಪಸ್ ಬರುತ್ತಿದ್ದ ಸಾಲಿಗೆ ಸೇರಿ ಕೊನೆಯ ಮುಕ್ಕಾಲು ಕಿಲೋಮೀಟರ್ ನಡೆದಳು. "ನಾನು ಹೇಳಿರಲಿಲ್ವಾ" ಅಂತ ಒಬ್ಬರು ನನ್ನ ಕಿವಿಯಲ್ಲಿ ಅಂದರು. ತಪ್ಪು ಅವಳು ಬಂದಿದ್ದಲ್ಲ, ನಾವು ಕಾದಿದ್ದು.

ದುಡ್ಡಿನ ಕಥೆ ಇನ್ನೊಂದು. ಮೊದಲ ವರ್ಷ 11,260 ರೂಪಾಯಿ ಬಂತು. ರಸ್ತೆಯಲ್ಲಿ ಡಬ್ಬಿ ಹಿಡಿಸಲಿಲ್ಲ, ಗೊತ್ತಿಲ್ಲದವರ ಮನೆ ಬಾಗಿಲು ತಟ್ಟಿಸಲಿಲ್ಲ. ಮನೆಯವರು, ನೆಂಟರು, ಬೀದಿಯವರು, ಅದೂ ರಸೀದಿ ಕೊಟ್ಟು. ಒಬ್ಬ ಮಕ್ಕಳ ಡಾಕ್ಟರನ್ನು ಕೇಳಿ, ಕಷ್ಟದಲ್ಲಿರುವ ನಾಲ್ಕು ಮನೆ ಗುರುತಿಸಿದೆವು. ನಾನು ಉತ್ಸಾಹದಲ್ಲಿ ಹೋಗಿ ಒಟ್ಟಿಗೇ ಸ್ಟ್ರಿಪ್ ಖರೀದಿಸಿದೆ. ಹಂಚಿದ ಮೇಲೆ ಗೊತ್ತಾಯಿತು, ಒಂದು ಕಂಪನಿಯ ಸ್ಟ್ರಿಪ್ ಇನ್ನೊಂದು ಕಂಪನಿಯ ಮೀಟರ್‌ಗೆ ಆಗಲ್ಲ. ನಾಲ್ಕರಲ್ಲಿ ಎರಡು ಮನೆಗೆ ನಾನು ಕೊಟ್ಟದ್ದು ಬರೀ ಡಬ್ಬಿ. ಅಂಗಡಿಯವರು ಅರ್ಧ ಮಾತ್ರ ವಾಪಸ್ ತಗೊಂಡರು. ಹಾಗೆ ಅಲೆಯುವಾಗಲೇ ಒಂದು ಮನೆಯಲ್ಲಿ ಫ್ರಿಡ್ಜ್ ಇಲ್ಲದೆ ಇನ್ಸುಲಿನ್ ಇಡುವ ರೀತಿ ನೋಡಿದೆ. ದೊಡ್ಡ ಮಡಕೆ, ಒಳಗೆ ಸಣ್ಣ ಮಡಕೆ, ನಡುವೆ ಒದ್ದೆ ಮರಳು. ಸೀಸೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಗೆ. ಅಜ್ಜಿ ದಿನಕ್ಕೆರಡು ಸಲ ಮರಳಿಗೆ ನೀರು ಚಿಮುಕಿಸುತ್ತಾರಂತೆ.

ಎರಡನೇ ವರ್ಷ, ಅಂದ್ರೆ ಈಗ ಮುಗಿದ ನವೆಂಬರ್‌ನಲ್ಲಿ, ಅತಿಥಿ ಇಲ್ಲ. ವಿಸಿಲ್ ಊದಿದ್ದು ಅವಳೇ, ಸರಿಯಾಗಿ ಆರೂವರೆಗೆ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಒಬ್ಬರ ಜೇಬಿನಲ್ಲಿ ಮೀಟರ್, ಇಬ್ಬರ ಜೇಬಿನಲ್ಲಿ ಗ್ಲೂಕೋಸ್. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು, ಸೀದಾ ಆಸ್ಪತ್ರೆ ಅಂತ ಎಲ್ಲರಿಗೂ ಹೇಳಿ, ಒಂದು ಕಾರು ರೆಡಿ ಇಟ್ಟಿದ್ದೆವು. ಬೇಕಾಗಲಿಲ್ಲ. ಮೂರೂ ಕಿಲೋಮೀಟರ್ ನಡೆದಳು. ಕೊನೆಗೆ ಕೇಸರಿಬಾತ್ ಕೊಡಿಸುತ್ತೇನೆ ಅಂದವರಿಗೆ ಶೇಂಗಾ, ಬಾಳೆಹಣ್ಣು ಕೊಡಿಸಿ ಅಂದೆವು. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಇಲ್ಲದ ಕಾರ್ಯಕ್ರಮವಾ ಅಂತ ಹುಡುಗರು ಕೇಳಿದ್ದೂ ಉಂಟು.

ಈ ಸಲ 23,480 ರೂಪಾಯಿ. ಸ್ಟ್ರಿಪ್ ಕೊಳ್ಳಲಿಲ್ಲ, ಒಂದು ಮೆಡಿಕಲ್ ಶಾಪಿನಲ್ಲಿ ಖಾತೆ ತೆರೆದು ನಾಲ್ಕು ಮನೆಯವರೂ ಅವರವರ ಮೀಟರ್‌ಗೆ ಆಗುವ ಸ್ಟ್ರಿಪ್ ಅಲ್ಲಿಂದಲೇ ತಗೊಳ್ಳುವ ಹಾಗೆ ಮಾಡಿದೆವು. ಗಣಿತದ ಮೇಷ್ಟ್ರು ಇದನ್ನೇ ಲೆಕ್ಕವಾಗಿ ಬೋರ್ಡ್ ಮೇಲೆ ಬರೆದರು. ನಾಲ್ಕು ಮಕ್ಕಳು, ದಿನಕ್ಕೆ ನಾಲ್ಕು ಸಲ, ಸ್ಟ್ರಿಪ್‌ಗೆ 18 ರೂಪಾಯಿ. ದಿನಕ್ಕೆ 288. ಭಾಗಿಸಿದರೆ 81 ದಿನ. ನವೆಂಬರ್ 14ರಿಂದ ಎಣಿಸಿದರೆ ಫೆಬ್ರವರಿ 2ಕ್ಕೆ ಮುಗಿಯುತ್ತದೆ.

ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ಬಳೆ ಇನ್ನೂ ಕೊರಳಲ್ಲೇ ಇತ್ತು. "ಹಂಗಾದ್ರೆ ಜನವರಿಯಾಗೆ ಇನ್ನೊಂದ್ಸಲ ನಡೀಬೇಕಲ್ವಾ ಸರ್?"

ಹೆಡ್ ಮಾಸ್ಟರಿಗೆ ಇನ್ನೂ ಹೇಳಿಲ್ಲ.