ಒಂದೇ ಗಂಟಲಲ್ಲಿ ಕಾಯಿರ್: ಹಳೇ ಆರ್ಗನಮ್ ಥರದ ಎಲೆಕ್ಟ್ರಾನಿಕ್ ಪೀಸ್ ಮನೇಲೇ ಮಾಡೋದು ಹೇಗೆ

ಈ ಥರದ ಮ್ಯೂಸಿಕ್ ಮಾಡ್ಬೇಕು ಅನ್ನೋರು ಸುಮಾರು ಜನ ಮೊದ್ಲು ಕಾಯಿರ್ ಪ್ಯಾಡ್ (ಗುಂಪಾಗಿ ಹಾಡಿದ ಹಾಗೆ ಕೇಳ್ಸೋ ರೆಡಿಮೇಡ್ ಸಿಂಥ್ ದನಿ) ಹುಡುಕ್ತಾರೆ, ಆಮೇಲೆ ಅದ್ರ ಮೇಲೆ ದೊಡ್ಡ ರಿವರ್ಬ್, ಅಂದ್ರೆ ದೊಡ್ಡ ಹಾಲ್‌ನಲ್ಲಿ ದನಿ ಮೊಳಗೋ ಎಫೆಕ್ಟ್, ಸುರೀತಾರೆ. ಚರ್ಚ್ ಥರ ಕೇಳ್ಸುತ್ತೆ ನಿಜ, ಆದ್ರೆ ಎರಡು ನಿಮಿಷ ಕೇಳಿದ್ರೆ ಒಳಗೆ ಏನೂ ಇಲ್ಲ ಅಂತ ಗೊತ್ತಾಗುತ್ತೆ. ನಾನು ಹೇಳೋದು ಉಲ್ಟಾ ದಾರಿ. ಕೆಳಗಡೆಯಿಂದ ಬನ್ನಿ, ಒಂದು ಸ್ವರ ಹಿಡ್ಕೊಂಡು ಕೂರೋದ್ರಿಂದ ಶುರು ಮಾಡಿ.

12ನೇ ಶತಮಾನದ ಕೊನೇಲಿ ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚ್‌ನಲ್ಲಿ ಪೆರೋಟಿನ್ ಅನ್ನೋ ಸಂಗೀತಗಾರ ಮಾಡಿದ್ದೂ ಇದನ್ನೇ, ಈ ಥರದ ಹಾಡಿಗೇ ಆರ್ಗನಮ್ ಅನ್ನೋದು. ಹಳೇ ಚಾಂಟ್‌ನ (ಚರ್ಚ್‌ನ ಒಂದೇ ಸಾಲಿನ ಹಾಡು) ಒಂದೊಂದು ಸ್ವರಾನೂ ಕೆಳಗಿನ ದನಿ ಎಳೆದು ಹಿಡ್ಕೊಂಡಿರುತ್ತೆ, ಅದಕ್ಕೇ ಅದ್ರ ಹೆಸ್ರು ಟೆನರ್, ಲ್ಯಾಟಿನ್‌ನಲ್ಲಿ ಹಿಡಿಯೋದು ಅಂತ ಅರ್ಥ. ಮೇಲಿನ ಮೂರು ದನಿಗಳು ಉದ್ದ-ಗಿಡ್ಡ ಉದ್ದ-ಗಿಡ್ಡ ಅಂತ ಚಿಕ್ಕ ಸಾಲುಗಳನ್ನ ಹಾಡ್ತಾ, ಒಬ್ರ ಸಾಲು ಇನ್ನೊಬ್ರು ಎತ್ಕೊಳ್ತಾ ಹೋಗ್ತಾರೆ. ಚಿಕ್ಕ ಸಾಲುಗಳನ್ನೇ ಮತ್ತೆ ಮತ್ತೆ ನುಡಿಸಿ ಪೀಸ್ ಕಟ್ಟೋ ಸ್ಟೀವ್ ರೈಶ್ ಥರದ ಮಿನಿಮಲಿಸ್ಟ್‌ಗಳು 800 ವರ್ಷ ಆದ್ಮೇಲೂ ಇವನ ಹತ್ರ ವಾಪಸ್ ಹೋಗಿದ್ದು ಸುಮ್ನೆ ಅಲ್ಲ.

ಸಾಮಾನು ಜಾಸ್ತಿ ಬೇಡ. ರೆಕಾರ್ಡಿಂಗ್‌ಗೆ ಆಡಾಸಿಟಿ ಅಥವಾ ರೀಪರ್ ಸಾಫ್ಟ್‌ವೇರ್, ಒಂದು ಮೈಕ್ (ಮೊದ್ಲಿಗೆ ಫೋನಿಂದೂ ನಡಿಯುತ್ತೆ), ಕಿವಿ ಪೂರ್ತಿ ಮುಚ್ಚೋ ಹೆಡ್‌ಫೋನ್. ಫ್ಯಾನ್ ಆಫ್ ಮಾಡಿ.

ಈಗ ಡ್ರೋನ್, ಅಂದ್ರೆ ತಂಬೂರಿ ಥರ ಕೆಳಗೆ ನಿಲ್ಲದೇ ಮೊಳಗೋ ಶ್ರುತಿ. ಡಿ ಸ್ವರನ ಷಡ್ಜ ಇಟ್ಕೊಳಿ, ಹೆಣ್ದನಿಗೆ ಇದು ತಗ್ಗಾಗುತ್ತೆ, ಜಿ ಇಲ್ಲಾ ಎ ತಗೊಳ್ಳಿ. ಸಿಂಥ್‌ನಲ್ಲಿ (ಎಲೆಕ್ಟ್ರಾನಿಕ್ ಕೀಬೋರ್ಡ್ ಇಲ್ಲಾ ಅದ್ರ ಸಾಫ್ಟ್‌ವೇರ್) ಷಡ್ಜ, ಅದ್ರ ಪಂಚಮ, ಎರಡೇ ಸ್ವರ. ಸೈನ್ ವೇವ್ ಬೇಡ, ಅದ್ರಲ್ಲಿ ಹಾರ್ಮೋನಿಕ್ಸ್ (ಮೂಲ ಸ್ವರದ ಮೇಲೆ ಹುಟ್ಟೋ ಉಪಸ್ವರಗಳು) ಇರಲ್ಲ, ಅವು ತುಂಬಿರೋ ಸಾಟೂತ್ ವೇವ್ ತಗೊಂಡು ಫಿಲ್ಟರ್ ಸ್ವಲ್ಪ ಮುಚ್ಚಿ. ಇಲ್ಲಿ ಒಂದು ನಿಮಿಷ ಕಣ್ಮುಚ್ಚಿ ಕೇಳಿ. ಡಿ 146.83 ಹರ್ಟ್ಸ್, ಕೀಬೋರ್ಡಿನ ಎ 220, ಎರಡೂ ಸೇರಿದಾಗ ಸುಮಾರು ಎರಡು ಸೆಕೆಂಡಿಗೊಮ್ಮೆ ಒಂದು ಅಲೆ ಬಂದು ಹೋಗುತ್ತೆ, ತುಂಬಾ ಮೆಲ್ಲಗೆ, ಉಸಿರಾಡಿದ ಹಾಗೆ. ಕೀಬೋರ್ಡ್ ಪಂಚಮ ಶುದ್ಧ 3:2 ಇರಲ್ಲ, 2 ಸೆಂಟ್ ಕಮ್ಮಿ ಇರುತ್ತೆ (ಕೀಬೋರ್ಡಿನ ಪಕ್ಕಪಕ್ಕದ ಎರಡು ಸ್ವರದ ಅಂತರದಲ್ಲಿ ನೂರನೇ ಒಂದು ಭಾಗ ಒಂದು ಸೆಂಟ್), ಅದಕ್ಕೆ ಹಾಗೆ. ಫೈನ್ ಟ್ಯೂನ್‌ನಲ್ಲಿ ಪಂಚಮನ 2 ಸೆಂಟ್ ಏರ್ಸಿ, ಅಲೆ ನಿಂತ್ಹೋಗುತ್ತೆ. ತಂಬೂರಿ ಶ್ರುತಿ ಮಾಡಿದೋರಿಗೆ ಆ ಕ್ಷಣ ಗೊತ್ತು. ಅದು ಸಿಗೋವರೆಗೂ ಮುಂದಕ್ಕೆ ಹೋಗ್ಬೇಡಿ.

ಆಮೇಲೆ ಟೆನರ್ ಹಾಡಿ. 'ಆ' ಅಂತ ಒಂದೇ ಸ್ವರ, ಮೈಕಿಂದ ಒಂದು ಗೇಣು ದೂರ, ಆರು ಟೇಕ್, ಅಂದ್ರೆ ಆರು ಸಲ ರೆಕಾರ್ಡ್. ಆರೂ ಬೇರೆ ಬೇರೆ ಹಾಡ್ಬೇಕು, ಒಂದನ್ನ ಹಾಡಿ ಕಾಪಿ-ಪೇಸ್ಟ್ ಮಾಡಿದ್ರೆ ಕಾಯಿರ್ ಆಗಲ್ಲ, ನಾನೂ ಮೊದಲ ಸಲ ಒಂದೇ ಟೇಕ್ ಎಂಟು ಸಲ ಇಟ್ಟಿದ್ದೆ, 18 ಡೆಸಿಬೆಲ್ ಜೋರಾಯ್ತು ಅಷ್ಟೇ, ದನಿ ಒಂದೇ ಉಳೀತು. ನಿಮ್ಮ ಒಂದೊಂದು ಟೇಕಿನ ಸಣ್ಣ ಸಣ್ಣ ವ್ಯತ್ಯಾಸಾನೇ ಕಾಯಿರ್. ಹಾಗಾಗಿ ಶ್ರುತಿ ತಾನಾಗೇ ಸರಿಮಾಡೋ ಆಟೋಟ್ಯೂನ್ ಹಾಕ್ಲೇಬೇಡಿ. ಪ್ರತಿ ಟೇಕಲ್ಲೂ ಉಸಿರು ಬೇರೆ ಜಾಗದಲ್ಲಿ ತಗೊಳ್ಳಿ, ಆಗ ಸಾಲು ಎಲ್ಲೂ ತುಂಡಾಗಲ್ಲ.

ಮೇಲಿನ ದನಿಗಳಿಗೆ ಡೋರಿಯನ್ ಮೋಡ್ ಅನ್ನೋ ಹಳೇ ಚರ್ಚ್ ಸ್ವರಶ್ರೇಣಿ ಇರಲಿ. ಕರ್ನಾಟಕ ಸಂಗೀತ ಕಲ್ತೋರಿಗೆ ಇದು ಖರಹರಪ್ರಿಯದ ಅದೇ ಏಳು ಸ್ವರ, ಕೈಗೆ ಬೇಗ ಹತ್ತುತ್ತೆ, ಆದ್ರೆ ಗಮಕ ಬೇಡ, ಸ್ವರ ನೆಟ್ಟಗೆ ನಿಲ್ಲಿಸಿ, ಇದು ನಮ್ಗೆ ನಿಜವಾಗ್ಲೂ ಕಷ್ಟ. ನಾಲ್ಕೈದು ಸ್ವರದ ಎರಡು ಸಾಲು ಮಾಡ್ಕೊಂಡು ಒಂದನ್ನ 12 ಸೆಕೆಂಡ್ ಲೂಪ್, ಇನ್ನೊಂದನ್ನ 13 ಸೆಕೆಂಡ್ ಲೂಪ್ ಮಾಡಿ. ಎರಡೂ ಒಟ್ಟಿಗೆ ಹೊರಟು ನಿಧಾನಕ್ಕೆ ಜಾರ್ತಾ ಹೋಗಿ ಮತ್ತೆ ಸೇರೋದು 156 ಸೆಕೆಂಡ್ ಆದ್ಮೇಲೆ. ಸರಿಯಾಗಿ ಅಲ್ಲೇ ಟೆನರ್ ಮುಂದಿನ ಸ್ವರಕ್ಕೆ ಹೋಗ್ಲಿ. ಎರಡೂವರೆ ನಿಮಿಷ ಕದಲದೇ ಇದ್ದ ನೆಲ ಆಗ ಕದಲುತ್ತೆ, ಕೇಳೋರ ಮೈ ಜುಂ ಅನ್ನುತ್ತೆ.

ಪದ ಹಾಕೋದಾದ್ರೆ 'ಸ್' ಥರದ ವ್ಯಂಜನನ ಒಂದೇ ಟೇಕಲ್ಲಿ ಉಚ್ಚರಿಸಿ, ಮಿಕ್ಕಿದ್ರಲ್ಲಿ ಬಿಟ್ಬಿಡಿ, ಇಲ್ದಿದ್ರೆ ಹಾವು ಬುಸ್ ಅಂದಂಗೆ ಆರು ಸಲ ಕೇಳ್ಸುತ್ತೆ.

ರಿವರ್ಬ್ ಕೊನೇಗೆ, ಎಲ್ಲಕ್ಕೂ ಸೇರಿ ಒಂದೇ ಬಸ್‌ನಲ್ಲಿ (ಎಲ್ಲಾ ಟ್ರ್ಯಾಕ್ ಒಟ್ಟಿಗೆ ಹಾದುಹೋಗೋ ಚಾನೆಲ್). 6 ಸೆಕೆಂಡ್ ಡಿಕೇ (ಮೊಳಗು ಆರೋಕೆ ಹಿಡಿಯೋ ಹೊತ್ತು), 40 ಮಿಲಿಸೆಕೆಂಡ್ ಪ್ರೀ-ಡಿಲೇ (ಮೊಳಗು ಶುರುವಾಗೋಕೆ ಮುಂಚಿನ ಬಿಡುವು), ರಿವರ್ಬ್‌ನ 200 ಹರ್ಟ್ಸ್ ಕೆಳಗಿಂದು, 5000ದ ಮೇಲಿಂದು ಕಟ್. ಟೆನರ್ ನಡುವೆ ಇರಲಿ, ಮೇಲಿನ ದನಿಗಳು ಎಡಕ್ಕೊಂದು ಬಲಕ್ಕೊಂದು.

ಮುಗಿಸುವಾಗ, ಮೇಜರ್ರೋ ಮೈನರ್ರೋ ಅಂತ ತೋರ್ಸೋ ಗಾಂಧಾರ ತೆಗೆದ್ಬಿಡಿ. ಆ ಕಾಲದ ಹಾಡುಗಳು ನಿಲ್ತಿದ್ದು ಷಡ್ಜ ಪಂಚಮದ ಮೇಲೇ, ಮೇಜರ್ರೂ ಅಲ್ಲ ಮೈನರ್ರೂ ಅಲ್ಲ. ದನಿ ನಿಂತ ಮೇಲೆ ರಿವರ್ಬ್ ತಾನಾಗೇ ಆರೋವರೆಗೂ ಫೈಲ್ ಕತ್ತರಿಸ್ಬೇಡಿ.