ಕೊನೆಯ ಕೆಲಸದ ಮಾತು ಮೊದಲೇ ಆಗಲಿ: ನನ್ನ ಅನುಭವ

ಬೆಂಗಳೂರಿನಲ್ಲಿ ನಾನು ಅಂತ್ಯಕ್ರಿಯೆ ಸೇವೆ ನಡೆಸುತ್ತೇನೆ. ಫ್ರೀಜರ್ ಬಾಕ್ಸ್, ವಾಹನ, ಚಟ್ಟದ ಸಾಮಾನು, ಪುರೋಹಿತರು, ಚಿತಾಗಾರದ ಸಮಯ, ಮರಣ ಪ್ರಮಾಣಪತ್ರದ ಓಡಾಟ, ಎಲ್ಲ ನಮ್ಮ ಪಾಲಿಗೆ ಬರುತ್ತದೆ. ಇವೆಲ್ಲಕ್ಕಿಂತ ಕಷ್ಟ, ಸಾವಾದ ಮೊದಲ ಗಂಟೆಯಲ್ಲೇ ಮನೆಯವರನ್ನು ಕೇಳಬೇಕಾದ ಪ್ರಶ್ನೆಗಳು. ಸುಡುವುದೋ, ಹೂಳುವುದೋ? ಯಾವ ಗೋತ್ರ? ಮಗ ಬರೋವರೆಗೆ ಕಾಯ್ತೀರಾ? ಕಣ್ಣು ಕೊಡ್ತೀರಾ? ಅಳುತ್ತಾ ಕೂತವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಅಪ್ಪ ಯಾವತ್ತೂ ಹೇಳಲೇ ಇಲ್ಲ" ಅನ್ನುತ್ತಾರೆ. ನಿಜ ಏನೆಂದರೆ, ಅಪ್ಪನನ್ನು ಯಾರೂ ಕೇಳಿರಲಿಲ್ಲ.

ಹಾಗಾಗಿ ಬದುಕಿದ್ದಾಗಲೇ ಕೇಳಿ ಬರೆಸುವ ಕೆಲಸ ಶುರು ಮಾಡಿದೆ. ಒಂದೇ ಹಾಳೆ. ಅದಕ್ಕೆ ದುಡ್ಡಿಲ್ಲ, ಮುಂಗಡವೂ ಇಲ್ಲ. ಅಮೆರಿಕದಲ್ಲಿರುವ ಮಕ್ಕಳು ಕೆಲವರು "ಅಲ್ಲಿನ ಹಾಗೆ ಈಗಲೇ ಪೂರ್ತಿ ಹಣ ಕಟ್ಟಿಬಿಡ್ತೀವಿ" ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ. ಎಪ್ಪತ್ತರ ಹಿರಿಯರು ಇನ್ನೂ ಇಪ್ಪತ್ತು ವರ್ಷ ಬದುಕಬಹುದು, ಬದುಕಲಿ. ಅಷ್ಟರಲ್ಲಿ ನನ್ನ ಅಂಗಡಿ ಇರುತ್ತದೋ ಇಲ್ಲವೋ, ಯಾರಿಗೆ ಗೊತ್ತು? ಅದರ ಬದಲು ಯಾವುದಕ್ಕೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆದ ದರಪಟ್ಟಿ ಕೊಡುತ್ತೇನೆ. ಅಮೆರಿಕದಲ್ಲಿ 1984ರಿಂದಲೇ ಹೀಗೆ ಕೊಡುವುದು ಕಡ್ಡಾಯ. ಇಲ್ಲಿ ನಮ್ಮನ್ನು ಯಾರೂ ಕೇಳುವುದಿಲ್ಲ, ಆದರೂ ಕೊಡಬೇಕು. ನನಗೆ ಜನರ ನಂಬಿಕೆ ಬಂದದ್ದು ಆ ಪಟ್ಟಿಯಿಂದಲೇ.

ಯಾವಾಗ ಕೇಳಬೇಕು ಅನ್ನುವುದು ಬಹಳ ಮುಖ್ಯ. ಕಾಯಿಲೆ ಬಿದ್ದವರ ಮನೆಗೆ ನಾನು ಹೋಗುವುದಿಲ್ಲ, ಆಸ್ಪತ್ರೆಯ ಬಾಗಿಲಲ್ಲಿ ಕಾರ್ಡ್ ಹಂಚುವುದಿಲ್ಲ. "ಶುಭ ನುಡಿಯೋ ಸೋಮ ಅಂದ್ರೆ ಗೂಬೆ ಕಾಣ್ತಿದೆ ಮಾಮ" ಅನ್ನುವ ಗಾದೆ ಇದೆಯಲ್ಲ, ಆ ಹೊತ್ತಿನಲ್ಲಿ ನಮ್ಮ ಮಾತು ಹಾಗೆಯೇ ಕೇಳಿಸುತ್ತದೆ. ನಾನು ಕೇಳುವುದು ತಿಥಿಯೆಲ್ಲ ಮುಗಿದ ಮೇಲೆ, ಮರಣ ಪ್ರಮಾಣಪತ್ರ ಕೊಡಲು ಹೋದಾಗ. ಆ ಮನೆಯವರಿಗೆ ಈಗಷ್ಟೇ ಅದರ ಕಷ್ಟ ಗೊತ್ತಾಗಿರುತ್ತದೆ. ಖಾಲಿ ಹಾಳೆ ಮೇಜಿನ ಮೇಲಿಟ್ಟು, "ಅಮ್ಮನವರಿಗೆ ಏನಿಷ್ಟ ಅಂತ ನಿಧಾನಕ್ಕೆ ಕೇಳಿ" ಅಂದು ಎದ್ದು ಬರುತ್ತೇನೆ.

ಇನ್ನೊಂದು ಜಾಗ ಅಪಾರ್ಟ್‌ಮೆಂಟ್ ಸಂಘಗಳು ಮತ್ತು ಹಿರಿಯ ನಾಗರಿಕರ ಕೂಟಗಳು. ಅಲ್ಲಿ ಸಾವಿನ ಬಗ್ಗೆ ಭಾಷಣ ಅಂದರೆ ಯಾರೂ ಬರುವುದಿಲ್ಲ. "ಮನೆಯಲ್ಲಿ ಸಾವಾದರೆ ಮೊದಲ ಆರು ಗಂಟೆಯಲ್ಲಿ ಏನು ಮಾಡಬೇಕು" ಅಂದರೆ ಬರುತ್ತಾರೆ, ಪೆನ್ನು ಹಿಡಿದೇ ಬರುತ್ತಾರೆ. ಮೊದಲು ಕಾಗದಪತ್ರದ ಮಾತು, ಆಮೇಲೆ ಕ್ರಿಯೆಯ ಮಾತು. ಈ ಅನುಕ್ರಮ ಬಿಟ್ಟರೆ ಜನ ಮುದುರಿಕೊಳ್ಳುತ್ತಾರೆ.

ಒಂದು ವಿಷಯ ಮತ್ತೆ ಮತ್ತೆ ನೋಡಿದ್ದೇನೆ. ಹಿರಿಯರು ಹೆದರುವುದಿಲ್ಲ, ಹೆದರುವುದು ಮಕ್ಕಳು. ತಂದೆ ಬಾಯಿ ತೆರೆದ ಕೂಡಲೇ ಮಗಳು "ಬಿಡ್ತು ಅನ್ನಪ್ಪ, ಈಗ್ಯಾಕೆ ಆ ಮಾತು?" ಅಂತ ತಡೆಯುತ್ತಾಳೆ. ಅವರು ಸುಮ್ಮನಾಗುತ್ತಾರೆ. ಅದಕ್ಕೇ ನಾನು ಮಕ್ಕಳ ಬಳಿ ಕೇಳುವುದು ಬಿಟ್ಟು ಹಿರಿಯರನ್ನೇ ಕೇಳುತ್ತೇನೆ. ಮಕ್ಕಳಿಗೆ ಹೇಳುವುದು ಒಂದೇ: ಸ್ವಲ್ಪ ಹೊತ್ತು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ.

ಹಾಳೆಯಲ್ಲಿ ಮೊದಲು ಬರೆಸುವುದು ವೈದ್ಯರ ಹೆಸರು, ಫೋನ್ ನಂಬರ್. ಆಸ್ಪತ್ರೆಯಲ್ಲಿ ಸತ್ತರೆ ಕಾರಣದ ಪ್ರಮಾಣಪತ್ರ ಅಲ್ಲೇ ಸಿಗುತ್ತದೆ. ಮನೆಯಲ್ಲಿ ಸತ್ತರೆ, ನೋಡಿಕೊಳ್ಳುತ್ತಿದ್ದ ವೈದ್ಯರು ಬಂದು, ಸಾವಿನ ಕಾರಣ ಬರೆಯುವ 4ಎ ನಮೂನೆಗೆ ಸಹಿ ಹಾಕಬೇಕು. ರೋಗಿಯನ್ನು ಮೊದಲ ಸಲ ನೋಡುವ ವೈದ್ಯರು ಸಹಿಗೆ ಹಿಂಜರಿಯುತ್ತಾರೆ, ಅದು ಸರಿಯೇ. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವ ವೈದ್ಯರೊಬ್ಬರು ಪರಿಚಯ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಆಮೇಲೆ ಆಧಾರ್ ಪ್ರತಿ. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಮಾಡಿಸಿ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಪ್ರಮಾಣಪತ್ರದಲ್ಲಿ ಹೆಸರು ತಪ್ಪಾದರೆ ಮನೆಯವರು ಕಚೇರಿ ಅಲೆಯಬೇಕಾಗುತ್ತದೆ.

ಕಣ್ಣಿನ ದಾನದ ಮಾತಿಗೆ ನಮ್ಮಲ್ಲಿ ಯಾರೂ ಮುಖ ತಿರುಗಿಸುವುದಿಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ಹೋದಾಗ ಕಣ್ಣು ಕೊಟ್ಟಿದ್ದು ಎಲ್ಲರಿಗೂ ನೆನಪಿದೆ. ಆದರೆ ಕಾರ್ಡ್ ತುಂಬಿಸಿಟ್ಟರೆ ಸಾಲದು. ಮನೆಯವರೇ ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು, ಅದೂ ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಲು ಆಗುವ ಹಾಗೆ. ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆಗೆ ದಿಂಬು ಕೊಡಬೇಕು. ಕನ್ನಡಕ, ಪೊರೆ ಆಪರೇಷನ್, ಸಕ್ಕರೆ ಕಾಯಿಲೆ ಯಾವುದೂ ಅಡ್ಡಿಯಲ್ಲ. ದೇಹದಾನ ಬೇರೆ. ಮರಣೋತ್ತರ ಪರೀಕ್ಷೆ ಆಗಿದ್ದರೆ, ಕೆಲವು ಸೋಂಕುಗಳಿದ್ದರೆ ಮೆಡಿಕಲ್ ಕಾಲೇಜಿನವರು ದೇಹ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ದೇಹದಾನ ಬರೆದವರ ಹಾಳೆಯಲ್ಲಿ "ಆಗದಿದ್ದರೆ ಏನು" ಅನ್ನುವುದನ್ನೂ ಬರೆಸುತ್ತೇನೆ.

ಕ್ರಿಯೆಯ ವಿಷಯ ಮನೆಮನೆಗೂ ಬೇರೆ. ಲಿಂಗಾಯತರ ಮನೆಯಲ್ಲಿ ದೇಹ ಸೆಟೆದುಕೊಳ್ಳುವ ಮೊದಲೇ ಕೂರಿಸಬೇಕು. ಆಗ ಯಾರನ್ನು ಕರೆಸುವುದು, ಸಮಾಧಿ ಎಲ್ಲಿ ಎಂದು ಚರ್ಚೆ ಮಾಡಲು ಸಮಯವೇ ಇರುವುದಿಲ್ಲ. ಊರಿನ ಹೊಲದಲ್ಲೇ ಮಣ್ಣು ಮಾಡಬೇಕು ಅನ್ನುವವರು ಅಲ್ಲಿ ಗುಂಡಿ ತೆಗೆಸುವವರ ನಂಬರ್ ಕೊಡಬೇಕು. ಕ್ರೈಸ್ತರಲ್ಲಿ ಕುಟುಂಬದ ಸಮಾಧಿ ಇದ್ದರೆ ಅದರ ಕಾಗದ ಎಲ್ಲಿದೆ ಅಂತ ಗೊತ್ತಿರಬೇಕು. "ಬೆಂಕಿ ನನ್ನ ಮಗಳೇ ಇಡಲಿ" ಅಂತ ಬರೆದ ತಾಯಂದಿರೂ ಇದ್ದಾರೆ. ಹಾಗೆ ಸ್ವಂತ ಕೈಯಲ್ಲಿ ಬರೆದ ಸಾಲನ್ನು ತೋರಿಸಿದಾಗ ದೊಡ್ಡಪ್ಪ, ಸೋದರಮಾವ ಯಾರೂ ತಕರಾರು ಎತ್ತಿದ್ದನ್ನು ನಾನು ನೋಡಿಲ್ಲ.

ಎಲ್ಲಕ್ಕಿಂತ ಭಾರದ ಪ್ರಶ್ನೆ, ವಿದೇಶದಲ್ಲಿರುವ ಮಗನಿಗೆ ಕಾಯುವುದೋ ಬೇಡವೋ. ಕ್ಯಾಲಿಫೋರ್ನಿಯಾದಿಂದ ಟಿಕೆಟ್ ಸಿಕ್ಕಿ ಮನೆ ತಲುಪಲು ಒಂದು ದಿನಕ್ಕಿಂತ ಜಾಸ್ತಿ ಬೇಕು. ಅಲ್ಲಿಯವರೆಗೆ ಫ್ರೀಜರ್ ಬಾಕ್ಸ್. ಅದಕ್ಕೆ ಕರೆಂಟ್ ತಪ್ಪದೆ ಇರಬೇಕು. ಎಷ್ಟೋ ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ ಬಾಕ್ಸ್ ಹಿಡಿಸುವುದೇ ಇಲ್ಲ. ಕೆಳಗೆ ಪಾರ್ಕಿಂಗ್‌ನಲ್ಲಿ ಇಡಲು ಸಂಘದವರು ಒಪ್ಪಬೇಕು. ಇದನ್ನೆಲ್ಲ ಮೊದಲೇ ಕೇಳಿಟ್ಟುಕೊಳ್ಳಬಹುದು, ಅಲ್ವಾ? ಕಾಯಬೇಕೋ ಬೇಡವೋ ಅನ್ನುವುದನ್ನು ಮಾತ್ರ ಹೋಗುವವರೇ ಹೇಳಬೇಕು. ಜಯನಗರದ ಒಬ್ಬ ಅಜ್ಜಿ ಬರೆದಿದ್ದರು: "ಕಾಯಬೇಡಿ. ಅವನು ನಿಧಾನವಾಗಿ ಬಂದು ಅಸ್ಥಿ ತಗೊಂಡು ಪಶ್ಚಿಮವಾಹಿನಿಗೆ ಹೋಗಲಿ." ಮಗ ಎರಡು ದಿನ ಬಿಟ್ಟು ಬಂದರು. ಆ ಸಾಲನ್ನು ಓದಿ ಬಹಳ ಹೊತ್ತು ಅತ್ತರು. ತಂಗಿಯನ್ನಾಗಲೀ ನಮ್ಮನ್ನಾಗಲೀ "ಯಾಕೆ ಕಾಯಲಿಲ್ಲ" ಅಂತ ಒಂದು ಮಾತು ಕೇಳಲಿಲ್ಲ. ಆ ಹಾಳೆ ಇರದಿದ್ದರೆ ಅಣ್ಣತಂಗಿ ಜನ್ಮಪೂರ್ತಿ ಮಾತು ಬಿಡುತ್ತಿದ್ದರೇನೋ. ಅಂಥ ಮನೆಗಳನ್ನೂ ನಾನು ನೋಡಿದ್ದೇನೆ.

ಕೊನೆಯ ದಿನಗಳ ಚಿಕಿತ್ಸೆ, ವೆಂಟಿಲೇಟರ್ ಬಗ್ಗೆಯೂ ಜನ ನನ್ನನ್ನೇ ಕೇಳುತ್ತಾರೆ. ಅಂಥ ಚಿಕಿತ್ಸೆ ಬೇಕೋ ಬೇಡವೋ ಅಂತ ಮೊದಲೇ ಬರೆದಿಡಲು ಬೇರೆ ಪತ್ರವಿದೆ, ಲಿವಿಂಗ್ ವಿಲ್ ಅನ್ನುತ್ತಾರೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿಗೆ ಕೊಟ್ಟು, 2023ರಲ್ಲಿ ಸುಲಭ ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಇಷ್ಟು ಹೇಳಿ ವೈದ್ಯರ ಬಳಿ ಕಳಿಸುತ್ತೇನೆ. ಅದು ನನ್ನ ಕೆಲಸ ಅಲ್ಲ.

ಖರ್ಚಿನ ಹಣವನ್ನು ಗಂಡ ಹೆಂಡತಿಯ, ಇಲ್ಲವೇ ಮಕ್ಕಳ ಜೊತೆಗಿನ ಜಂಟಿ ಖಾತೆಯಲ್ಲಿಡಿ. ಅದು "ಐದರ್ ಆರ್ ಸರ್ವೈವರ್" ಖಾತೆಯಾಗಿರಲಿ, ಅಂದರೆ ಒಬ್ಬರು ಹೋದರೂ ಇನ್ನೊಬ್ಬರು ಹಣ ತೆಗೆಯಬಹುದು. ಸತ್ತವರ ಎಟಿಎಂ ಕಾರ್ಡ್ ಹಿಡಿದು ಓಡುವ ಪರಿಸ್ಥಿತಿ ಯಾರಿಗೂ ಬೇಡ.

ಹಾಳೆಯನ್ನು ಬ್ಯಾಂಕ್ ಲಾಕರ್‌ನಲ್ಲಿ ಮಾತ್ರ ಇಡಬೇಡಿ. ಭಾನುವಾರ ಬೆಳಗಿನ ಜಾವಕ್ಕೆ ಲಾಕರ್ ತೆರೆಯುವುದಿಲ್ಲ. ಒಂದು ಪ್ರತಿ ಔಷಧಿ ಡಬ್ಬಿಯ ಪಕ್ಕ, ಒಂದು ಪಕ್ಕದ ಮನೆಯವರ ಹತ್ತಿರ, ಫೋಟೋ ಮಕ್ಕಳ ವಾಟ್ಸಾಪ್‌ನಲ್ಲಿ. ನನಗೆ ಕೊಡಲೇಬೇಕೆಂದಿಲ್ಲ. ಸಮಯ ಬಂದಾಗ ಬೇರೆಯವರನ್ನು ಕರೆದರೂ ಆ ಹಾಳೆ ಅಷ್ಟೇ ಕೆಲಸಕ್ಕೆ ಬರುತ್ತದೆ. ವೈದ್ಯರೋ ಫೋನ್ ನಂಬರೋ ಬದಲಾದರೆ ಹೊಸದು ಬರೆದು ಹಳೆಯದನ್ನು ಹರಿದು ಹಾಕಿ.